ಹಳೇ ಕಂಪ್ಯೂಟರ್, ಹಗುರ ಲಿನಕ್ಸ್: ಚುರುಕಾಗಿ ಓಡಿಸುವ ಸೂತ್ರಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಯಂತ್ರವಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹೀಗಾಗಿ ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ, ಕೀಲಿಮಣೆ ಪರದೆ ಎಲ್ಲ ನೆಟ್ಟಗೇ ಇರುವ ಲ್ಯಾಪ್‌ಟಾಪ್‌ಗಳು ಅಟ್ಟ ಸೇರುತ್ತಿವೆ. ಕೆಲವರು ಯಾರೋ ಹೇಳಿದರೆಂದು ಹಗುರ ಲಿನಕ್ಸ್ ಹಾಕಿಸಿಕೊಳ್ಳುತ್ತಾರೆ. ಮೊದಲ ವಾರ ಖುಷಿಯೋ ಖುಷಿ. ಆಮೇಲೆ ‘ಇದೂ ಅಷ್ಟೇ ಸ್ಲೋ ಕಣ್ರೀ’ ಎಂಬ ಗೊಣಗಾಟ ಶುರು.

ಲಿನಕ್ಸ್ ಹಾಕಿದ ಮಾತ್ರಕ್ಕೆ ಸವೆದ ಹಾರ್ಡ್ ಡಿಸ್ಕ್ ಹೊಸದಾಗುವುದಿಲ್ಲ, ಫ್ಯಾನಿಗೆ ಮೆತ್ತಿದ ಧೂಳು ಉದುರುವುದಿಲ್ಲ. ಯಂತ್ರ ಎಲ್ಲಿ ಏದುಸಿರು ಬಿಡುತ್ತಿದೆ ಎಂದು ಗೊತ್ತುಮಾಡಿಕೊಂಡು ಅಲ್ಲಿಗೇ ಕೈ ಹಾಕಿದರೆ, ಸ್ವಲ್ಪ ಖರ್ಚಿನಲ್ಲಿ ಇನ್ನೂ ನಾಲ್ಕೈದು ವರ್ಷ ದುಡಿಸಿಕೊಳ್ಳಬಹುದು.

1. ಮದ್ದು ಅರೆಯುವ ಮುಂಚೆ ನಾಡಿ ಹಿಡಿಯಿರಿ

ಎಚ್‌ಟಾಪ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಟರ್ಮಿನಲ್ ಕಂಡರೆ ಭಯವೆನ್ನುವವರು ಮೆನುವಿನಲ್ಲಿರುವ ಟಾಸ್ಕ್ ಮ್ಯಾನೇಜರ್ ತೆರೆದರೂ ಸಾಕು. ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ, ಯಂತ್ರ ತಡವರಿಸಿದ ಕ್ಷಣದಲ್ಲಿ ಅಲ್ಲಿ ಕಣ್ಣಿಡಿ. ಪ್ರೊಸೆಸರ್‌ನ ಪಟ್ಟಿಗಳು ನೂರು ಮುಟ್ಟಿದ್ದರೆ ತೊಂದರೆ ಯಾವುದೋ ಒಂದು ಪ್ರೋಗ್ರಾಂನದು, ಇಲ್ಲವೇ ಶಾಖದ್ದು. ಮೆಮೊರಿ ತುಂಬಿ ಸ್ವಾಪ್ (ಏಳನೇ ಸೂತ್ರದಲ್ಲಿ ವಿವರವಿದೆ) ಏರುತ್ತಿದ್ದರೆ ರ‍್ಯಾಮ್ ಸಾಲದು. ಎರಡೂ ತಣ್ಣಗಿದ್ದು ಮೌಸ್ ಮಾತ್ರ ಹೆಪ್ಪುಗಟ್ಟಿದ್ದರೆ ಡಿಸ್ಕ್ ಮೇಲೆ ಅನುಮಾನಪಡಿ. ನಾನು ಕಂಡ ಹಳೇ ಯಂತ್ರಗಳಲ್ಲಿ ಹೆಚ್ಚಿನವು ಈ ಮೂರನೇ ಗುಂಪಿನವು.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡುವುದಿಲ್ಲ, ಈಗಷ್ಟೇ ಓದಿದ ಫೈಲುಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಬೇಕೆಂದಾಗ ಆ ಜಾಗ ತೆರವು ಮಾಡಿಕೊಡುತ್ತದೆ. ಆದ್ದರಿಂದ ‘ಫ್ರೀ’ ಎಂಬಲ್ಲಿ ಕಡಿಮೆ ಅಂಕಿ ಕಂಡು ಗಾಬರಿಯಾಗಬೇಡಿ. ‘ಅವೈಲಬಲ್’ ಎಂಬ ಅಂಕಿಯೇ ನಿಮ್ಮ ಕೈಯಲ್ಲಿರುವ ನಿಜವಾದ ಮೆಮೊರಿ.

2. ಡಿಸ್ಕ್ ಬದುಕಿದೆಯೋ ಇಲ್ಲವೋ ನೋಡಿ

‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು ಸ್ಮಾರ್ಟ್ ಡೇಟಾ ನೋಡಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲುಗಳಲ್ಲಿ ಸೊನ್ನೆ ಇರಬೇಕು. ಅಂಕಿ ಇದ್ದು ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುವ ಹಾದಿಯಲ್ಲಿದೆ ಎಂದೇ ಅರ್ಥ. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಯತ್ನಿಸುವಾಗ ಇಡೀ ಯಂತ್ರ ಸೆಕೆಂಡುಗಟ್ಟಲೆ ನಿಂತುಬಿಡುತ್ತದೆ. ಜನ ಅದನ್ನು ‘ಹ್ಯಾಂಗ್ ಆಯ್ತು’ ಎಂದು ಬೈದು ಬಟನ್ ಒತ್ತಿ ಆಫ್ ಮಾಡುತ್ತಾರೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಉಳಿದ ಸೂತ್ರಗಳೆಲ್ಲ ಆಮೇಲೆ.

3. ದುಡ್ಡು ಹಾಕುವುದಾದರೆ ಎಸ್‌ಎಸ್‌ಡಿಗೆ ಹಾಕಿ

ಒಂದೇ ಒಂದು ಬದಲಾವಣೆಗೆ ಮಾತ್ರ ಜೇಬು ಬಿಡುತ್ತದೆ ಎನ್ನುವವರಿಗೆ ನನ್ನ ಉತ್ತರ ಇದೇ. ಲ್ಯಾಪ್‌ಟಾಪ್‌ನ 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ ಸುಮಾರು 80ರಿಂದ 100 ಎಂಬಿ ಕೊಟ್ಟೀತು. ಆದರೆ ಬೂಟ್ ಆಗುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಸಣ್ಣ ಫೈಲುಗಳು. ಒಂದೊಂದಕ್ಕೂ ಡಿಸ್ಕಿನ ಮುಳ್ಳು ಆ ಕಡೆ ಈ ಕಡೆ ಓಡಾಡಬೇಕು. ಹಾಗೆ ಸೆಕೆಂಡಿಗೆ ನೂರರ ಆಸುಪಾಸು ಓಡಾಟ ಮಾಡುವಷ್ಟರಲ್ಲಿ ಅದಕ್ಕೆ ಸುಸ್ತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಇಂಥ ಓದು ಸೆಕೆಂಡಿಗೆ ಹತ್ತಾರು ಸಾವಿರ ನಡೆಯುತ್ತದೆ. ‘ನಮ್ಮದು ಹಳೇ ಸಾಟಾ 2, ಪೂರ್ತಿ ವೇಗ ಸಿಗಲ್ಲ’ ಎಂದು ಹಿಂಜರಿಯುವವರಿದ್ದಾರೆ. ಸಿಗಬೇಕಾಗಿಯೂ ಇಲ್ಲ. ವ್ಯತ್ಯಾಸ ಕಾಣುವುದು ಸಣ್ಣ ಫೈಲುಗಳ ಓಡಾಟದಲ್ಲಿ, ಅದಕ್ಕೆ ಸಾಟಾ 2 ಧಾರಾಳ ಸಾಕು.

ಬೆಂಗಳೂರಿನವರಾದರೆ ಎಸ್‌.ಪಿ. ರೋಡ್ ಒಂದು ಸುತ್ತು ಹಾಕಿ, ಬೇರೆ ಊರಿನವರು ಹತ್ತಿರದ ಸರ್ವಿಸ್ ಅಂಗಡಿಯಲ್ಲಿ ಕೇಳಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಇದ್ದರೆ ಲಿನಕ್ಸ್‌ಗೆ ಬೇಕಾದಷ್ಟಾಯಿತು. ಹೆಸರೇ ಕೇಳದ ಬ್ರ್ಯಾಂಡಿನ ಅಗ್ಗದ ಮಾಲು ಬೇಡ. ಬಿಲ್, ವಾರಂಟಿ ಇರುವುದನ್ನೇ ತೆಗೆದುಕೊಳ್ಳಿ. ಡಿವಿಡಿ ಡ್ರೈವ್ ಇರುವ ಜಾಗಕ್ಕೆ ಕೂರುವ ‘ಕ್ಯಾಡಿ’ ಸಿಗುತ್ತದೆ. ಹಳೇ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ಅಲ್ಲಿ ಕೂರಿಸಿ, ಸಿನಿಮಾ ಫೋಟೊ ತುಂಬಿಕೊಳ್ಳಿ. ಎಸ್‌ಎಸ್‌ಡಿಗೆ ವಿಶೇಷ ಆರೈಕೆಯೇನೂ ಬೇಡ. ಉಬುಂಟು, ಮಿಂಟ್‌ಗಳಲ್ಲಿ ಅದಕ್ಕೆ ಬೇಕಾದ ಟ್ರಿಮ್ ಎಂಬ ಶುಚಿ ಕೆಲಸ ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ.

4. ರ‍್ಯಾಮ್: ನಾಲ್ಕು ಜಿಬಿ ಎಂಬ ಗೆರೆ

ಇವತ್ತಿನ ವೆಬ್‌ಸೈಟುಗಳ ಜತೆ ಏಗಲು ಕನಿಷ್ಠ 4 ಜಿಬಿ ಬೇಕು. ಎರಡರಲ್ಲೂ ನಡೆಯುತ್ತದೆ, ಕುಂಟುತ್ತಾ. ಎಂಟಾದರೆ ಮೆಮೊರಿಯ ಯೋಚನೆಯನ್ನೇ ಬಿಡಬಹುದು. ಕೊಳ್ಳುವ ಮುಂಚೆ ಹಳೇ ಪಟ್ಟಿಯನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ಡಿಡಿಆರ್3 ಎಂಬುದರಲ್ಲೇ 1.5 ವೋಲ್ಟಿನದು ಬೇರೆ, ಡಿಡಿಆರ್3ಎಲ್ ಎಂಬ 1.35 ವೋಲ್ಟಿನದು ಬೇರೆ. ನಾಲ್ಕನೇ ತಲೆಮಾರಿನ ನಂತರದ ಎಷ್ಟೋ ಲ್ಯಾಪ್‌ಟಾಪ್‌ಗಳು ಎರಡನೆಯದನ್ನು ಮಾತ್ರ ಒಪ್ಪುತ್ತವೆ. ಎರಡು ಸ್ಲಾಟ್ ಇದ್ದರೆ ಎಂಟರ ಒಂದು ಪಟ್ಟಿಗಿಂತ ನಾಲ್ಕು ನಾಲ್ಕರ ಎರಡು ಲೇಸು. ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹರಿಯುವುದರಿಂದ, ಮೆಮೊರಿಯನ್ನೇ ಹಂಚಿಕೊಂಡು ಬದುಕುವ ಇಂಟೆಲ್ ಗ್ರಾಫಿಕ್ಸ್‌ಗೆ ಅದರಿಂದ ಲಾಭ.

5. ಧೂಳು, ಶಾಖ, ಚಾರ್ಜರ್

ಪ್ರೊಸೆಸರ್ ಕಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಅರ್ಧ ಗಂಟೆ ಕಳೆದ ಮೇಲೆ ಮಂಕಾಗುತ್ತದೆ ಎಂದರೆ ಇದೇ ಕಾರಣವಿರಬಹುದು. ‘ಸೆನ್ಸರ್ಸ್’ ಎಂಬ ಆದೇಶ ಕೊಟ್ಟರೆ ತಾಪಮಾನ ಕಾಣುತ್ತದೆ. ಸುಮ್ಮನೆ ಇರುವಾಗಲೇ 70 ಡಿಗ್ರಿ, ಕೆಲಸ ಕೊಟ್ಟೊಡನೆ 95 ಎಂದಾದರೆ ಹಿಂಬದಿ ಬಿಚ್ಚಲೇಬೇಕು. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯೊಂದನ್ನು ಅಡ್ಡ ಕೊಡಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದ್ದರೆ ಒರೆಸಿ, ಕಡಲೆಕಾಳಿನಷ್ಟು ಹೊಸದು ಹಚ್ಚಿ. ಕೈ ಓಡದಿದ್ದರೆ ಅಂಗಡಿಯವರಿಂದ ಮಾಡಿಸಿ. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವ ಅಭ್ಯಾಸವನ್ನಂತೂ ನೀವೇ ಬಿಡಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವಿಷಯವಿದೆ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದೇ ಕಂಪನಿಯ ಚಾರ್ಜರ್ ಹೌದೋ ಅಲ್ಲವೋ ಎಂದು ಪರೀಕ್ಷಿಸುತ್ತವೆ. ಡೂಪ್ಲಿಕೇಟ್ ಚಾರ್ಜರ್ ಎಂದು ಅನುಮಾನ ಬಂದರೆ ಪ್ರೊಸೆಸರ್ ವೇಗವನ್ನು ತಳಮಟ್ಟಕ್ಕೆ ಇಳಿಸಿಬಿಡುತ್ತವೆ. ಎಷ್ಟು ಕೆಲಸ ಕೊಟ್ಟರೂ 800 ಮೆಗಾಹರ್ಟ್ಸ್ ದಾಟುತ್ತಿಲ್ಲವೆಂದರೆ ಸಾಫ್ಟ್‌ವೇರನ್ನು ಬೈಯುವ ಮುಂಚೆ ಚಾರ್ಜರ್ ಬದಲಿಸಿ ನೋಡಿ.

6. ಯಂತ್ರಕ್ಕೆ ತಕ್ಕ ಲಿನಕ್ಸ್

4 ಜಿಬಿ ಮತ್ತು ಮೇಲಿದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಹೊಸಬರಿಗೆ ಇದಕ್ಕಿಂತ ನೆಮ್ಮದಿಯದು ನನಗೆ ತಿಳಿದ ಮಟ್ಟಿಗೆ ಇಲ್ಲ. 2 ಜಿಬಿ ಇದ್ದರೆ ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್‌ನ ಫ್ಲಕ್ಸ್‌ಬಾಕ್ಸ್ ಆವೃತ್ತಿ. ಅದಕ್ಕೂ ಕಡಿಮೆಯಾದರೆ ಆ್ಯಂಟಿಎಕ್ಸ್; ತೆರೆದಿಟ್ಟು ಸುಮ್ಮನೆ ಬಿಟ್ಟಾಗ ಅದು ಬಳಸುವುದು 200ರಿಂದ 300 ಎಂಬಿ ಅಷ್ಟೆ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರುಮಾಡಿದ ಪಪ್ಪಿ ಲಿನಕ್ಸ್ ಪೂರ್ತಿಯಾಗಿ ರ‍್ಯಾಮ್ ಒಳಗೇ ಕೂತು ಓಡುತ್ತದೆ, ನೋಡಲು ಸೊಗಸು. ಆದರೆ ಅದರಲ್ಲಿ ಮಾಮೂಲಾಗಿ ಎಲ್ಲ ಕೆಲಸವೂ ರೂಟ್ ಅಧಿಕಾರದಲ್ಲೇ ನಡೆಯುವುದರಿಂದ ಬ್ಯಾಂಕ್ ವ್ಯವಹಾರಕ್ಕೆ ನಾನು ಒಪ್ಪಲಾರೆ.

2008ರ ಹೊತ್ತಿನ ಆ್ಯಟಮ್ ಎನ್270 ನೆಟ್‌ಬುಕ್‌ಗಳದ್ದು ಬೇರೆಯೇ ಕಥೆ. ಅವು 32 ಬಿಟ್ ಮಾತ್ರ. ಉಬುಂಟು ಕುಟುಂಬ ಆ ದಾರಿ ಎಂದೋ ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲೂ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್ 144ನೇ ಆವೃತ್ತಿಯೇ 32 ಬಿಟ್ ಲಿನಕ್ಸ್‌ಗೆ ಕೊನೆಯದು. ಡೆಬಿಯನ್ 12 ಆಧರಿಸಿದ ಆ್ಯಂಟಿಎಕ್ಸ್ 23 ಹಾಕಿಕೊಂಡು ಬರವಣಿಗೆಗೋ ಹಾಡು ಕೇಳಲಿಕ್ಕೋ ಬಳಸಬಹುದು. ಅಂಥ ಯಂತ್ರಕ್ಕೆ ದುಡ್ಡು ಸುರಿಯಬೇಡಿ.

ಯಾವುದೇ ಆಗಲಿ, ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ. ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವ್‌ನಲ್ಲಿ ಮೂರ್ನಾಲ್ಕು ಐಎಸ್ಒ ಫೈಲ್ ಇಟ್ಟುಕೊಂಡು ಒಂದೊಂದನ್ನೇ ನೋಡಬಹುದು.

7. ಝಡ್‌ರ‍್ಯಾಮ್: ಪುಕ್ಕಟೆ ಸಿಗುವ ಮೆಮೊರಿ

ಮೆಮೊರಿ ತುಂಬಿದಾಗ ಲಿನಕ್ಸ್ ಕೆಲವು ಭಾಗವನ್ನು ಡಿಸ್ಕಿಗೆ ತಳ್ಳುತ್ತದೆ, ಅದೇ ಸ್ವಾಪ್. ಹಾರ್ಡ್ ಡಿಸ್ಕ್ ಇರುವ ಯಂತ್ರ ನೆಲಕಚ್ಚುವುದು ಇಲ್ಲೇ. ಝಡ್‌ರ‍್ಯಾಮ್ ಏನು ಮಾಡುತ್ತದೆಂದರೆ, ತಳ್ಳಬೇಕಾದ ಭಾಗವನ್ನು ಒತ್ತಿ ಕುಗ್ಗಿಸಿ ಮೆಮೊರಿಯೊಳಗೇ ಇಡುತ್ತದೆ. ಸಾಮಾನ್ಯವಾಗಿ ಎರಡು ಮೂರು ಪಟ್ಟು ಕುಗ್ಗುತ್ತದೆ. ನಿಮ್ಮ ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನು ಬದುಕಿರುವುದೂ ಇದರಿಂದಲೇ. ಫೆಡೋರಾ 2020ರಿಂದಲೇ ಇದನ್ನು ಎಲ್ಲರಿಗೂ ಹಾಕಿಕೊಡುತ್ತಿದೆ. ಮಿಂಟ್, ಲುಬುಂಟು, ಡೆಬಿಯನ್‌ಗಳಲ್ಲಿ ‘ಝಡ್‌ರ‍್ಯಾಮ್-ಟೂಲ್ಸ್’ ಎಂಬ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಪರ್ಸೆಂಟ್ ಎಂಬಲ್ಲಿ 50, ಅಲ್ಗೊ ಎಂಬಲ್ಲಿ ಝಡ್‌ಎಸ್‌ಟಿಡಿ ಎಂದು ಕೊಟ್ಟು ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

‘ಸ್ವಾಪಿನೆಸ್ 60 ಇದೆ, 10ಕ್ಕೆ ಇಳಿಸಿ’ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಸ್ವಾಪಿನೆಸ್ ಎಂದರೆ ಸ್ವಾಪಿಗೆ ತಳ್ಳುವ ಆತುರದ ಅಳತೆ. ಹಾರ್ಡ್ ಡಿಸ್ಕಿನ ಸ್ವಾಪ್‌ಗೆ ಅದು ಸರಿ. ಝಡ್‌ರ‍್ಯಾಮ್ ಹಾಕಿದ ಮೇಲೆ ಅದೇ ಸಲಹೆ ತಲೆಕೆಳಗು: ಆಗ 100 ಕೊಟ್ಟರೇ ಒಳ್ಳೆಯದು. ಏಕೆಂದರೆ ಕುಗ್ಗಿಸಿ ಇಡುವುದು ಡಿಸ್ಕಿನಿಂದ ಮತ್ತೆ ಓದುವುದಕ್ಕಿಂತ ಎಷ್ಟೋ ಅಗ್ಗ. ಜತೆಗೆ ‘ಅರ್ಲಿಊಮ್’ ಎಂಬುದನ್ನೂ ಹಾಕಿಕೊಳ್ಳಿ. ಮೆಮೊರಿ, ಸ್ವಾಪ್ ಎರಡೂ ತಳ ಕಂಡಾಗ ಇಡೀ ಯಂತ್ರ ಹೆಪ್ಪುಗಟ್ಟುವ ಮೊದಲೇ ಅತಿ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಂ ಒಂದನ್ನು ಅದು ಮುಚ್ಚಿಹಾಕುತ್ತದೆ. ಬಹಳ ಸಲ ಅದು ಬ್ರೌಸರಿನ ಒಂದು ಟ್ಯಾಬ್ ಆಗಿರುತ್ತದೆ, ಉಳಿದ ಕೆಲಸ ಬಚಾವ್.

8. ಶುರುವಿನಲ್ಲೇ ಹತ್ತಿ ಕೂರುವವರನ್ನು ಇಳಿಸಿ

ಎಕ್ಸ್‌ಎಫ್‌ಸಿಇಯಲ್ಲಿ ‘ಸೆಷನ್ ಅಂಡ್ ಸ್ಟಾರ್ಟಪ್’ ತೆರೆದರೆ ಲಾಗಿನ್ ಜತೆಗೇ ಏಳುವವರ ಪಟ್ಟಿ ಕಾಣುತ್ತದೆ. ಬ್ಲೂಟೂತ್ ಬಳಸದವರು ಅದನ್ನು, ಪ್ರಿಂಟರ್ ಇಲ್ಲದವರು ಪ್ರಿಂಟ್ ಕ್ಯೂವನ್ನು ತೆಗೆದುಹಾಕಿ. ನೆಟ್‌ವರ್ಕ್ ಮತ್ತು ಪಾಲಿಸಿಕಿಟ್ ಮುಟ್ಟಬೇಡಿ. ಎರಡನೆಯದನ್ನು ತೆಗೆದರೆ ಪಾಸ್‌ವರ್ಡ್ ಕೇಳುವ ಕಿಟಕಿಯೇ ಬರದೆ, ಸಾಫ್ಟ್‌ವೇರ್ ಹಾಕಲಾಗದೆ ಕಂಗಾಲಾಗುತ್ತೀರಿ. ಬೂಟ್ ತಡವಾಗುತ್ತಿದ್ದರೆ ‘ಸಿಸ್ಟಂಡಿ-ಅನಲೈಜ್ ಬ್ಲೇಮ್’ ಆದೇಶ ಯಾರು ಎಷ್ಟು ಸೆಕೆಂಡ್ ತಿಂದರೆಂದು ಹೇಳುತ್ತದೆ. ತಲೆಗೇ ಕೂತಿರುವುದು ‘ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್’ ಆಗಿದ್ದರೆ ಮನೆಯ ಯಂತ್ರದಲ್ಲಿ ಧೈರ್ಯವಾಗಿ ನಿಲ್ಲಿಸಿ. ‘ಪ್ಲಿಮತ್-ಕ್ವಿಟ್-ವೇಟ್’ ಎಂಬುದು ದೊಡ್ಡ ಅಂಕಿ ತೋರಿಸಿದರೂ ಪಾಪ, ಅದು ಬೇರೆಯವರು ಮುಗಿಸಲೆಂದು ಕಾಯುತ್ತಿರುತ್ತದೆ ಅಷ್ಟೆ.

9. ಶೋಕಿ ಕಡಿಮೆ ಮಾಡಿ

ನೆರಳು, ಪಾರದರ್ಶಕ ಕಿಟಕಿ, ಅನಿಮೇಷನ್ ಎಲ್ಲ ಕಾಂಪೋಸಿಟರ್‌ನ ಕೆಲಸ. ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ಒಳಗೆ ಆಫ್ ಮಾಡಬಹುದು. ವಿಡಿಯೊ ನೋಡುವಾಗ ಚಿತ್ರ ಅಡ್ಡಡ್ಡ ಸೀಳಿದಂತೆ ಕಂಡರೆ ಮತ್ತೆ ಆನ್ ಮಾಡಿ.

10. ಬ್ರೌಸರ್ ಎಂಬ ಬಕಾಸುರ

‘ಹಾರ್ಡ್‌ವೇರ್ ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ’ ಎಂಬರ್ಥದ ಮಾತನ್ನು ಪಾಸ್ಕಲ್ ಭಾಷೆಯ ಕರ್ತೃ ನಿಕ್ಲೌಸ್ ವಿರ್ತ್ 1995ರಲ್ಲೇ ಬರೆದಿದ್ದರು. ಇವತ್ತಿನ ಬ್ರೌಸರ್ ಕಂಡಿದ್ದರೆ ಆ ಮಾತನ್ನು ಅವರು ಇನ್ನೂ ಖಾರವಾಗಿ ಹೇಳುತ್ತಿದ್ದರೇನೊ. ಆಪರೇಟಿಂಗ್ ಸಿಸ್ಟಂ 500 ಎಂಬಿಯಲ್ಲಿ ಸಂಸಾರ ನಡೆಸಿದರೆ, ನಾಲ್ಕು ಟ್ಯಾಬ್ ತೆರೆದ ಬ್ರೌಸರ್ ಒಂದೂವರೆ ಜಿಬಿ ನುಂಗಿ ನೀರು ಕುಡಿಯುತ್ತದೆ. ಲಿನಕ್ಸ್ ಎಷ್ಟು ಹಗುರವಾದರೂ ಇದರ ಭಾರ ಇಳಿಯುವುದಿಲ್ಲ, ಹಾಗಾಗಿ ಇಲ್ಲಿ ನಿಮ್ಮ ಅಭ್ಯಾಸವೇ ಬದಲಾಗಬೇಕು.

ಮೊದಲು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಕನ್ನಡದ ಎಷ್ಟೋ ಸುದ್ದಿತಾಣಗಳಲ್ಲಿ ಹತ್ತು ಸಾಲಿನ ಸುದ್ದಿಗೆ ತಾನಾಗಿ ಓಡುವ ವಿಡಿಯೊ, ಅದರ ಮೇಲೆ ತೇಲುವ ಜಾಹೀರಾತು, ಅದರಡಿಯಲ್ಲಿ ಹತ್ತಾರು ಟ್ರ್ಯಾಕರ್. ಇವನ್ನು ತಡೆದರೆ ಪುಟ ತೆರೆಯುವ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಕ್ರೋಮ್ 2025ರಲ್ಲಿ ಈ ಎಕ್ಸ್‌ಟೆನ್ಷನ್‌ನ ಪೂರ್ಣ ರೂಪವನ್ನು ಕೈಬಿಟ್ಟಿತು, ಫೈರ್‌ಫಾಕ್ಸ್‌ನಲ್ಲಿ ಇನ್ನೂ ಇದೆ. ಹಳೇ ಯಂತ್ರಕ್ಕೆ ನಾನು ಫೈರ್‌ಫಾಕ್ಸ್ ಎನ್ನಲು ಈ ಒಂದೇ ಕಾರಣ ಸಾಕು. ಅದರ ವಿಳಾಸಪಟ್ಟಿಯಲ್ಲಿ ‘ಅಬೌಟ್’ ಬರೆದು ಕೋಲನ್ ಹಾಕಿ ‘ಪ್ರೊಸೆಸಸ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಕಾಣುತ್ತದೆ, ಪಕ್ಕದ ಗುರುತು ಒತ್ತಿ ಅಲ್ಲೇ ಮುಚ್ಚಬಹುದು. ವಾಟ್ಸ್‌ಆ್ಯಪ್ ವೆಬ್ ಅನ್ನು ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡುವವರು ಒಮ್ಮೆ ಆ ಸಾಲು ನೋಡಲಿ. ಫೋನ್ ಕೈಯಲ್ಲೇ ಇದೆಯಲ್ಲ!

ಲುಬುಂಟು ಬಳಸುವವರಿಗೊಂದು ಕಿವಿಮಾತು. ಅಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ, ಹಾರ್ಡ್ ಡಿಸ್ಕ್ ಇದ್ದರೆ ಮೊದಲ ಸಲ ತೆರೆಯಲು ತಾಳ್ಮೆ ಬೇಕು. ಮೊಜಿಲ್ಲಾದವರ ಡೆಬ್ ಪ್ಯಾಕೇಜ್ ಹಾಕಿಕೊಂಡರೆ ಆ ಕಾಯುವಿಕೆ ತಪ್ಪುತ್ತದೆ. ಮಿಂಟ್‌ನಲ್ಲಿ ಈ ರಗಳೆಯೇ ಇಲ್ಲ.

11. ಯೂಟ್ಯೂಬ್ ಮುಗ್ಗರಿಸುತ್ತಿದ್ದರೆ

ಯೂಟ್ಯೂಬ್ ಈಗ ವಿಡಿಯೊಗಳನ್ನು ವಿಪಿ9, ಎವಿ1 ಎಂಬ ಹೊಸ ಬಗೆಯಲ್ಲಿ ಕಳಿಸುತ್ತದೆ. ಇಂಟೆಲ್ ಗ್ರಾಫಿಕ್ಸ್‌ಗೆ ವಿಪಿ9 ಪೂರ್ತಿಯಾಗಿ ಅರ್ಥವಾಗತೊಡಗಿದ್ದು ಏಳನೇ ತಲೆಮಾರಿನಿಂದ. ಅದಕ್ಕಿಂತ ಹಳೆಯದಾದರೆ ಬಿಡಿಸುವ ಹೊರೆ ಪೂರಾ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಕೂಗುತ್ತದೆ. 2011ರ ಎರಡನೇ ತಲೆಮಾರಿನ ಯಂತ್ರಕ್ಕೂ ಎಚ್.264 ನೀರು ಕುಡಿದಷ್ಟು ಸಲೀಸು. ‘ಎನ್‌ಹ್ಯಾನ್ಸ್ಡ್ ಎಚ್264ಫೈ’ ಎಂಬ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಅದೇ ಬಗೆಯನ್ನು ಕಳಿಸುತ್ತದೆ. ಐದನೇ ತಲೆಮಾರಿಗಿಂತ ಹಳೇ ಇಂಟೆಲ್ ಆದರೆ ‘ಐ965-ವಿಎ-ಡ್ರೈವರ್’ ಪ್ಯಾಕೇಜ್ ಇದೆಯೇ ನೋಡಿಕೊಳ್ಳಿ. 1366×768 ಪರದೆಯಲ್ಲಿ 1080ಪಿ ಹಾಕಿ ಏನೂ ಸಿಗುವುದಿಲ್ಲ, 720ಪಿ ಸಾಕು.

12. ಕನ್ನಡ ಟೈಪಿಸಲು ಐಬಸ್ ಬೇಕೇ ಬೇಕೆಂದಿಲ್ಲ

ಕನ್ನಡ ಎಂದೊಡನೆ ಎಲ್ಲರೂ ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಂ ಹಾಕಿಸುತ್ತಾರೆ. ಅದು ಹಿನ್ನೆಲೆಯಲ್ಲಿ ಸದಾ ಓಡುತ್ತಿರುತ್ತದೆ, ಹಳೇ ಯಂತ್ರದಲ್ಲಿ ಅಕ್ಷರ ಮೂಡಲು ಒಮ್ಮೊಮ್ಮೆ ತಡವರಿಸುತ್ತದೆ. ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ‘ಕನ್ನಡ (ಕಗಪ, ಫೊನೆಟಿಕ್)’ ಎಂಬ ವಿನ್ಯಾಸ ಸಿದ್ಧವಾಗಿದೆ. ಭಾರತೀಯ ವಿನ್ಯಾಸಗಳ ಪಟ್ಟಿಯಲ್ಲಿ ಹುಡುಕಿ ಸೇರಿಸಿ, ಬದಲಿಸಲು ಒಂದು ಕೀ ಜೋಡಿ ಕೊಟ್ಟರೆ ಆಯಿತು. ಹೆಚ್ಚುವರಿ ಪ್ರೋಗ್ರಾಂ ಒಂದೂ ಓಡುವುದಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಗುಣಿತಾಕ್ಷರ ಮೂಡಿಸುವ ರೀತಿ ಸ್ವಲ್ಪ ಬೇರೆ ಅನ್ನಿಸಬಹುದು. ಹೊಂದದಿದ್ದರೆ ಐಬಸ್‌ನ ಎಂ17ಎನ್ ಒಳಗಿನ ಕಗಪ ಇದ್ದೇ ಇದೆ.

ಲಿಬ್ರೆ ಆಫೀಸ್ ತೆರೆಯಲು ತಡವಾದರೆ ಟೂಲ್ಸ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ ಜಾವಾ ಬಳಕೆಯ ಗುರುತು ತೆಗೆಯಿರಿ. ಬೇಸ್ ಎಂಬ ಡೇಟಾಬೇಸ್ ಬಳಸುವವರನ್ನು ಬಿಟ್ಟರೆ ಬೇರೆಯವರಿಗೆ ಜಾವಾದ ನೆನಪೂ ಬಾರದು.

13. ಗಡಿಯಾರದ ಸೆಲ್

ಯಂತ್ರ ಆನ್ ಮಾಡಿದಾಗಲೆಲ್ಲ ಹತ್ತು ವರ್ಷ ಹಿಂದಿನ ತಾರೀಖು ತೋರಿಸಿ, ‘ಕನೆಕ್ಷನ್ ಸುರಕ್ಷಿತವಲ್ಲ’ ಎಂದು ಬ್ರೌಸರ್ ಪುಟಗಳನ್ನೇ ತೆರೆಯದಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

14. ಇವನ್ನು ಮಾಡಲೇಬೇಡಿ

ಮೆಮೊರಿ ಕ್ಲೀನರ್‌ಗಳು: ಮೊದಲ ಸೂತ್ರದಲ್ಲಿ ಹೇಳಿದ ಉಪಯುಕ್ತ ಸಂಗ್ರಹವನ್ನೇ ಅವು ಗುಡಿಸಿ ಎಸೆಯುತ್ತವೆ. ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತಂದಿಡುವ ಪ್ರೀಲೋಡ್: ಎಸ್‌ಎಸ್‌ಡಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಕರ್ನಲ್ ನಾವೇ ಕಂಪೈಲ್ ಮಾಡುವುದು: ಕಲಿಕೆಗೆ ಒಳ್ಳೆಯದು, ವೇಗಕ್ಕಲ್ಲ. ಇನ್ನು ‘ಮಿಟಿಗೇಷನ್ಸ್ ಆಫ್’ ಎಂಬ ಬೂಟ್ ಸೂಚನೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ಹಾಕಿದ ತಡೆಗಳನ್ನು ಇದು ಕಿತ್ತುಹಾಕುತ್ತದೆ. ಹಳೇ ಇಂಟೆಲ್‌ನಲ್ಲಿ ಸ್ವಲ್ಪ ವೇಗ ಹೆಚ್ಚುವುದು ನಿಜ. ಅದೇ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಮಾಡುವವರಿಗೆ ಆ ವೇಗ ಬೇಡ.

15. ಆಗದ್ದು ಆಗದು

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್ ಹಾಕುವವರು, ಹಳೇ ನುಡಿ ಫಾಂಟಿನ ರಾಶಿ ಕಡತಗಳ ಮೇಲೆ ದಿನವೂ ಕೆಲಸವಿರುವ ಡಿಟಿಪಿಯವರು ಅವಸರಪಡಬೇಡಿ. ಅವಕ್ಕೊಂದು ವಿಂಡೋಸ್ ಯಂತ್ರ ಇರಲಿ. ಓದು, ಬರಹ, ಮೇಲ್, ವಿಡಿಯೊ, ಮಕ್ಕಳ ಅಭ್ಯಾಸಕ್ಕಾದರೆ ಹಳೇ ಯಂತ್ರ ಯಾವ ತಕರಾರೂ ಇಲ್ಲದೆ ಒದಗುತ್ತದೆ.

ಒಮ್ಮೆ ಚೆನ್ನಾಗಿ ಓಡತೊಡಗಿದ ಮೇಲೆ ಕೆದಕುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಅಪ್‌ಡೇಟ್ ಮಾತ್ರ ಕೊಡುತ್ತಿರಿ. ಲಿನಕ್ಸ್ ಮಿಂಟ್ 22 ಹಾಕಿದವರಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಉಚಿತವಾಗಿ ಬರುತ್ತವೆ.